ಅಪ್ಪಿ ಎನ್ನಬಾರದ ಊರು

ಕೊಚ್ಚಿಯ ಬ್ಯಾಂಕಿನಲ್ಲಿ ಕೆಲಸಕ್ಕೆ ಹಾಜರಾದ ಮೊದಲ ದಿನವೇ ಹಿರಿಯರೊಬ್ಬರು ನನ್ನನ್ನು ಮೊಳೆ ಎಂದು ಕರೆದರು. ಕೌಂಟರಿನ ಕಿಂಡಿಯಲ್ಲಿ ಪಾಸ್‌ಬುಕ್ ತೂರಿಸಿ, "ಮೋಳೇ, ಪ್ರಿಂಟಿಂಗ್ ನಾಟ್ ಕಮಿಂಗ್" ಎಂದರು. ಧಾರವಾಡದ ಶಾಖೆಯಲ್ಲಿ "ಮೇಡಂ‌ರಿ", "ಅಕ್ಕಾರ" ಎನ್ನಿಸಿಕೊಂಡು ಬಂದ ಅಧಿಕಾರಿ ನಾನು. ಗೋಡೆಗೆ ಹೊಡೆಯುವ ಮೊಳೆ ಆಗಿದ್ದು ಯಾವಾಗ? ಮೋಳೆ ಎಂದರೆ ಮಗಳು ಎಂದು ಪಕ್ಕದ ಕುರ್ಚಿಯವರು ಹೇಳಿದ ಮೇಲೂ ನನ್ನ ಮುಖದ ಗಂಟು ಸಡಿಲಾಗಲಿಲ್ಲ. ಪರಿಚಯವೇ ಇಲ್ಲದವರಿಗೆ ನಾನೇಕೆ ಮಗಳಾಗಬೇಕು?

ಅದೇ ಮಧ್ಯಾಹ್ನ ಇನ್ನೊಂದು ಶಾಖೆಯ ಅಧಿಕಾರಿ ಫೋನ್ ಮಾಡಿದರು. ಗಂಡಸು. ಮುಖ ನೋಡಿದವಳಲ್ಲ. ಕೆಲಸದ ಮಾತು ಮುಗಿಸಿ, "ಓಕೆ ಡಿಯರ್, ದೆನ್ ಐ ವಿಲ್ ಕೀಪ್" ಎಂದರು. ಏನನ್ನು ಇಟ್ಟುಕೊಳ್ಳುತ್ತಾನೆ ಈ ಮನುಷ್ಯ? ಧಾರವಾಡದಲ್ಲಿ ಯಾರಾದರೂ ಹೀಗೆ ಡಿಯರ್ ಎಂದಿದ್ದರೆ ಸಂಜೆಯೊಳಗೆ ಅದು ಊರ ಸುದ್ದಿ. ಇಲ್ಲಿ ಅದು "ರೀ" ಇದ್ದಹಾಗೆ, ಮಾತಿನ ಕೊನೆಯ ಚುಕ್ಕೆ. ಕೀಪ್ ಎಂದರೆ ಫೋನ್ ಇಡುತ್ತೇನೆ ಎಂದಷ್ಟೇ. ನಾವೂ "ಇಡ್ತೀನ್ರಿ" ಅನ್ನುತ್ತೇವೆ. ಅದನ್ನು ಇಂಗ್ಲಿಷಿಗೆ ಎಳೆದುಕೊಂಡು ಬರುವ ಧೈರ್ಯ ಮಾತ್ರ ನಮಗಿಲ್ಲ.

ಇಷ್ಟೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಆದದ್ದು ಶಾಲೆಯ ಗೇಟಿನ ಮುಂದೆ.

ಮಗ ಚೇತನ್‌ನನ್ನು ನಾವು ಮನೆ ಹಿಡಿದಿದ್ದ, ಕೊಚ್ಚಿಗೆ ಅಂಟಿಕೊಂಡ ತ್ರಿಪ್ಪುಣಿತ್ತುರದ ಒಂದು ಶಾಲೆಯಲ್ಲಿ ಎರಡನೇ ತರಗತಿಗೆ ಸೇರಿಸಿದ್ದೆ. ಗಂಡನ ಕೆಲಸ ಪುಣೆಯಲ್ಲಿ. ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ಹುಟ್ಟಿದಾಗಿನಿಂದ ಅವನು ನಮಗೆ ಅಪ್ಪಿ. ಅವನ ನಿಜವಾದ ಹೆಸರು ಹಾಜರಿಗೆ ಮಾತ್ರ. ಒಂದು ಸಂಜೆ ಬೇಗ ಬಿಡುವಾಗಿ ನಾನೇ ಕರೆದೊಯ್ಯಲು ಹೋದೆ. ಮಕ್ಕಳ ಗುಂಪಿನಲ್ಲಿ ಅವನು ಕಂಡ. ಬಾಯ್ತುಂಬ ಕೂಗಿದೆ: "ಅಪ್ಪೀ! ಇಲ್ಲೆ ಅದೀನಿ ಬಾರೋ!"

ಗೇಟಿನೊಳಗೆ ನಗೆಯ ಪಟಾಕಿ ಸಿಡಿಯಿತು. ಒಬ್ಬ ಮೂಗು ಮುಚ್ಚಿಕೊಂಡ. ಇನ್ನೊಬ್ಬ "ಅಪ್ಪಿ, ಅಪ್ಪಿ" ಎನ್ನುತ್ತ ಕುಕ್ಕರಗಾಲಿನಲ್ಲಿ ಕುಳಿತು ತೋರಿಸಿದ. ನನ್ನ ಮಗ ನಾನು ಯಾರೋ ಎಂಬಂತೆ ನನ್ನನ್ನು ದಾಟಿ ರಸ್ತೆಗೆ ನಡೆದ. ಟೀಚರ್ ಹತ್ತಿರ ಬಂದು, "ಮೇಡಂ, ಪ್ಲೀಸ್ ಡೋಂಟ್ ಕಾಲ್ ಲೈಕ್ ದಟ್. ಸಿಂಪ್ಲಿ ಚೇತನ್ ಕಾಲ್ ಮಾಡಿದ್ರೆ ಸಾಕಲ್ಲೇ?" ಎನ್ನುವ ಅರ್ಥದ್ದೇನೋ ಅರ್ಧ ಇಂಗ್ಲಿಷ್, ಅರ್ಧ ಮಲಯಾಳಂನಲ್ಲಿ ಹೇಳಿದರು.

ಕಾರಣ ತಿಳಿದದ್ದು ಪಕ್ಕದ ಮನೆಯ ಲಿಸ್ಸಿ ಚೇಚಿಯಿಂದ. ಇಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ. ನಗು ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡೇ ಅವರು ಹೇಳಿದರು: "ಅಯ್ಯೋ ಮೋಳೇ, ಅಪ್ಪಿ ಮೀನ್ಸ್... ಬೇಬೀಸ್ ಡೂಯಿಂಗ್, ಅಲ್ಲೇ? ಇನ್ ದ ಡಯಪರ್!"

ನನಗೆ ನಗು ಬರಲಿಲ್ಲ. ಮುದ್ದಿನ ಮಾತೊಂದನ್ನು ಹೊಲಸು ಮಾಡಿಟ್ಟ ಈ ಊರಿನ ಮೇಲೆ ಮೈಯೆಲ್ಲ ಉರಿಯಿತು. ನಮ್ಮ ಮಾತು, ನಮ್ಮ ಮಗ. ಬದಲಾಯಿಸಿಕೊಳ್ಳಬೇಕಾದವರು ಮಾತ್ರ ನಾವು!

ಅಂದಿನಿಂದ ಚೇತನ್ ಆ ಹೆಸರಿಗೆ ಓಗೊಡುವುದನ್ನೇ ಬಿಟ್ಟ. ಬಾಗಿಲು ಹಾಕಿಕೊಂಡು ಮೆಲ್ಲಗೆ ಕರೆದರೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳಂನಲ್ಲಿ ಉತ್ತರ. ಊಟಕ್ಕೆ ಬಾರೋ ಎಂದರೆ "ವೇಂಡ", ಬೇಡವಂತೆ. ಧಾರವಾಡದಿಂದ ನಮ್ಮವ್ವ ಫೋನ್ ಮಾಡಿ "ಅಪ್ಪೀ, ಹ್ಯಾಂಗದೀಯೋ ನಮ್ಮಪ್ಪಾ?" ಎಂದರೆ ಫೋನನ್ನು ನನ್ನ ಕೈಗೆ ತುರುಕಿ ಹೊರಗೆ ಓಡುತ್ತಿದ್ದ.

"ಯಾಕ, ಹುಡುಗ ನನ್ ಕೂಡ ಮಾತ ಬಿಟ್ಟಾನಲ್ಲ? ನಾ ಏನ್ ಮಾಡೇನಿ?" ಎಂದು ಅವ್ವ ಕೇಳಿದಳು.

"ಆಟದಾಗ ಅದಾನವಾ" ಎಂದೆ. ಮೊಮ್ಮಗನನ್ನು ಕರೆಯುವ ಹೆಸರಿಗೆ ಇಲ್ಲಿ ಏನರ್ಥವೆಂದು ಅವಳಿಗೆ ಹೇಗೆ ಹೇಳಲಿ?

ಒಂದು ಭಾನುವಾರ ಲಿಸ್ಸಿ ಚೇಚಿ ಡಬ್ಬಿಯೊಂದನ್ನು ಹಿಡಿದು ಬಂದರು. "ಚೇತನ್ ಮೋನೇ, ಟೇಸ್ಟ್ ದಿಸ್. ಕಕ್ಕ!" ಎಂದರು. ಮೋಳೆ ಮಗಳಾದರೆ ಮೋನೆ ಮಗ. ಹಿನ್ನೀರಿನ ಚಿಪ್ಪಿನ ಮಾಂಸಕ್ಕೆ ಇಲ್ಲಿ ಕಕ್ಕ ಎಂದು ಹೆಸರು. ತೆಂಗಿನ ಚೂರು ಹಾಕಿ ಹುರಿದಿದ್ದರು. ಚೇತನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ನೆಲಕ್ಕೆ ಕುಸಿದು ನಕ್ಕೆವು. ನಾವು ಮಾಂಸ ತಿನ್ನುವುದಿಲ್ಲ ಎಂದು ಹೇಳಲೂ ಉಸಿರಿರಲಿಲ್ಲ. ಮರುದಿನ ಅವನು ಅದನ್ನು ಶಾಲೆಯಲ್ಲಿ ಹೇಳಿದನಂತೆ. ಯಾರೂ ನಗಲಿಲ್ಲ. ಕಕ್ಕ ಎಂದರೆ ಕಕ್ಕ, ಅದರಲ್ಲಿ ನಗುವುದೇನಿದೆ ಎಂದರಂತೆ. ಆ ನಗೆಗೆ ಇಡೀ ಕೊಚ್ಚಿಯಲ್ಲಿ ನಾವಿಬ್ಬರೇ ವಾರಸುದಾರರು.

ಶಾಲೆಯ ರಜೆಯಲ್ಲಿ ಆಫೀಸಿನ ಸಭೆಗೆಂದು ತಿರುವನಂತಪುರಕ್ಕೆ ಹೋಗಬೇಕಾಯಿತು. ಮೃಗಾಲಯ ತೋರಿಸುವ ಆಸೆ ಹಚ್ಚಿ ಮಗನನ್ನೂ ಕರೆದುಕೊಂಡು ಹೋದೆ. ನಾವು ಇಳಿದದ್ದು ಸರಸ್ವತಿಯಮ್ಮ ಎಂಬ ವಯಸ್ಸಾದ ಹೆಂಗಸು ಕೋಣೆ ಬಾಡಿಗೆಗೆ ಕೊಡುತ್ತಿದ್ದ ಮನೆಯಲ್ಲಿ. ನಾವು ಚಪ್ಪಲಿ ಬಿಡುವ ಮುಂಚೆಯೇ ಆಕೆ ಹೊರಗೆ ಬಂದು, ಬಿಸಿಲಿಗೆ ಕೆಂಪಾಗಿದ್ದ ಚೇತನ್‌ನ ಗಲ್ಲ ಹಿಡಿದು, "ಎಂತರಪ್ಪೀ, ವೆಳ್ಳಂ ವೇಣೋ?" ಎಂದರು.

ಏನಪ್ಪಿ, ನೀರು ಬೇಕಾ ಎಂದು.

ಚೇತನ್ ಆಕೆಯ ಕೈ ಕೊಡವಿದ. "ಞಾನ್ ಅಪ್ಪಿಯಲ್ಲ!" ಎಂದು ಕಿರುಚಿದ. ನಾನು ಅಪ್ಪಿಯಲ್ಲ. ಕಣ್ಣಲ್ಲಿ ನೀರು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟೋ ದಿನಗಳ ನಂತರ ಕನ್ನಡದಲ್ಲಿ, "ಅವರಿಗೂ ನೀನs ಹೇಳಿಯೇನು?" ಎಂದ.

ಸರಸ್ವತಿಯಮ್ಮ ಗಾಬರಿಯಾದರು. ಹರಕು ಮಲಯಾಳಂನಲ್ಲಿ ನಾನು ಶಾಲೆಯ ಕಥೆ ಹೇಳಿದೆ. ಆಕೆಗೆ ಸಿಟ್ಟು ಬಂತು. ನಮ್ಮ ಮೇಲಲ್ಲ, ಕೊಚ್ಚಿಯ ಮೇಲೆ. "ಅವರಿಗೇನು ಗೊತ್ತು? ನಮ್ಮ ತಿರುವನಂತಪುರದಲ್ಲಿ ಮಕ್ಕಳೆಲ್ಲ ಅಪ್ಪಿಗಳೇ" ಎಂದರು ತಮ್ಮ ಮಾತಿನಲ್ಲಿ. ಒಳಗೆ ಕುಳಿತು ಪೇಪರ್ ಓದುತ್ತಿದ್ದ, ತಲೆ ನರೆತ ಮಗನನ್ನು "ಅಪ್ಪೀ!" ಎಂದು ಕರೆದರು. ಆ ದೊಡ್ಡ ಮೀಸೆಯ ಮನುಷ್ಯ ಲುಂಗಿ ಸರಿಮಾಡಿಕೊಳ್ಳುತ್ತ "ಎಂತರಮ್ಮಾ?" ಎಂದು ಎದ್ದು ಬಂದ.

ಚೇತನ್ ಅವನನ್ನು ಬಾಯಿ ಬಿಟ್ಟು ನೋಡಿದ. "ಇಷ್ಟ ದೊಡ್ಡಾಂವಾ ಅಪ್ಪಿ ಏನು?"

"ಹೂಂ."

"ಅವಂಗ ಯಾರೂ ನಗೂದಿಲ್ಲ?"

"ಇಲ್ಲೆ ಯಾರೂ ನಗೂದಿಲ್ಲ."

ಅವನು ನೀರು ಕುಡಿದ. ಆಮೇಲೆ ಅಜ್ಜಿಗೆ ಫೋನ್ ಹಚ್ಚು ಎಂದ. ಅತ್ತ ಅವ್ವ ಅಪ್ಪೀ ಎನ್ನುವುದೇ ತಡ, "ಹೂಂ ಅಜ್ಜಿ, ನಾ ಅಪ್ಪೀನs ಮಾತಾಡ್ಲಿಕತ್ತೇನಿ" ಎಂದು ಶುರುಮಾಡಿದವನು ಮಾತು ನಿಲ್ಲಿಸಲೇ ಇಲ್ಲ. ನಾನು ಅಡುಗೆಮನೆಯ ಕಡೆ ಮುಖ ತಿರುಗಿಸಿಕೊಂಡು ನಿಂತೆ. ಸರಸ್ವತಿಯಮ್ಮ ನನ್ನ ಬೆನ್ನು ಸವರಿ ಮೋಳೇ ಎಂದಾಗ, ಮೊದಲ ಸಲ, ನನಗೆ ಗೋಡೆಯ ಮೊಳೆ ನೆನಪಾಗಲಿಲ್ಲ.

ಮರಳುವ ರೈಲಿನಲ್ಲಿ ಅವನಿಗೆ ಹೊಸ ಚಿಂತೆ ಹತ್ತಿತು. "ಎಲ್ಲೀತನಾ ಅನ್ನಬಹುದು?" ನನಗೂ ಗೊತ್ತಿರಲಿಲ್ಲ. ಆ ಮಾತು ಯಾವ ನಿಲ್ದಾಣದಲ್ಲಿ ಮುದ್ದು ಕಳೆದುಕೊಂಡು ಮಲವಾಗುತ್ತದೆಂದು ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ. ಕೊನೆಗೆ ಅವನೇ ತೀರ್ಪು ಕೊಟ್ಟ: ಕೊಲ್ಲಂ ತನಕ ಎಲ್ಲರ ಮುಂದೆ, ಅದರಾಚೆಗೆ ಮನೆಯೊಳಗೆ, ಫ್ಯಾನಿನ ಸದ್ದು ಜೋರಾಗಿದ್ದಾಗ ಮಾತ್ರ. ಕೋಟ್ಟಯಂ ದಾಟುವಷ್ಟರಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದ.

ತ್ರಿಪ್ಪುಣಿತ್ತುರ ಬಂತು. ಬೋಗಿಯಲ್ಲಿ ಇಳಿಯುವವರ ನೂಕು. ಎಬ್ಬಿಸಬೇಕು. ಅವನ ಭುಜ ಅಲುಗಿಸಿ, ಅವಸರದಲ್ಲಿ ಬಾಯಿಗೆ ಬಂದ ಮಾತಿನಲ್ಲಿ ಕರೆದೆ: "ಮೋನೇ, ಏಳೋ."

ಅವನು ಥಟ್ಟನೆ ಎದ್ದು ಚೀಲ ಹೆಗಲಿಗೇರಿಸಿಕೊಂಡ. ಏನೂ ವಿಶೇಷವಾಗಿಲ್ಲ ಎಂಬಂತೆ ಮುಂದೆ ನಡೆದ. ಪ್ಲಾಟ್‌ಫಾರ್ಮಿನಲ್ಲಿ ಅವನ ಹಿಂದೆ ನಡೆಯುತ್ತ ನನಗೆ ನನ್ನ ಮೇಲೆಯೇ ರೇಗಿತು. ಹಾಗೆ ಕರೆ ಎಂದು ನನಗೆ ಯಾರೂ ಹೇಳಿರಲಿಲ್ಲ.