ತಾರವ್ವ ಆರಿಸಿದ ಪಂಚಮಿಯ ಸಿನಿಮಾ

ಬೋರಗಾಂವದ ಹೊರಗೆ ಕಬ್ಬಿನ ಹೊಲಗಳ ನಡುವೆ ಇರುವ ವಸ್ತಿಯಲ್ಲಿ ಯಾವ ಹಬ್ಬಕ್ಕೆ ಯಾವ ಸಿನಿಮಾ ತೋರಿಸಬೇಕೆಂಬುದನ್ನು ನಿರ್ಧರಿಸುವವಳು ಕುರಿ ಕಾಯುವ ತಾರವ್ವ. ಅರವತ್ತೆಂಟು ದಾಟಿದ ಆಕೆಗೆ ಓದಲು ಬರುವುದಿಲ್ಲ. ಚಿತ್ರಮಂದಿರದೊಳಗೆ ಆಕೆ ಕಾಲಿಟ್ಟದ್ದು ಮದುವೆಯಾದ ವರ್ಷ, ನಿಪ್ಪಾಣಿಯಲ್ಲಿ, ಒಂದೇ ಒಂದು ಸಲ.

ಈ ಅಧಿಕಾರ ಆಕೆಗೆ ಬಂದದ್ದು ಜಗಳದಿಂದ. ಪಾವರಲೂಮ್ ಇಟ್ಟುಕೊಂಡಿರುವ ಈಶ್ವರ ಒಂದು ಪ್ರೊಜೆಕ್ಟರ್ ತಂದು, ಸಮುದಾಯ ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿ, ಕಾರಹುಣ್ಣಿಮೆಯ ಮಧ್ಯಾಹ್ನ ಮೊದಲ ಸಿನಿಮಾ ಹಾಕಿದ್ದ. ಅರ್ಧ ತಾಸಿನೊಳಗೆ ಪರದೆಯ ಮೇಲೆ ಏಳು ಹೆಣ ಬಿದ್ದವು. ತಾರವ್ವ ಎದ್ದು ನಿಂತಳು.

“ಲೇ ಈಶ್ವರಾ, ಎತ್ತಿಗೆ ಬಣ್ಣಾ ಹಚ್ಚಿ ಹೋಳಗಿ ಉಂಡು ಬಂದೇವಿ. ಹಬ್ಬದ ದಿನ ಹೆಣಾ ತೋರಸ್ತಿಯೇನೋ?”

“ಹಂಗಾರ ನೀನ ಆರಸಬೇ, ಆಯಿ!”

“ಆರಸ್ತೀನಿ ತಗೋ. ನನಗೇನ ಅಂಜಿಕಿ?”

ಅಂದಿನಿಂದ ಅದೇ ರೂಢಿಯಾಯಿತು. ಹಬ್ಬಕ್ಕೆ ಮುಂಚೆ ಈಶ್ವರ ತನ್ನ ಹಳೆಯ ಮೊಬೈಲಿಗೆ ಸಿನಿಮಾಗಳನ್ನು ತುಂಬಿ ಕೊಡುತ್ತಾನೆ. ಆಕೆ ಕುರಿಗಳನ್ನು ಬದುವಿಗೆ ಬಿಟ್ಟು, ಬೇವಿನ ನೆರಳಿನಲ್ಲಿ ಕುಳಿತು, ದನಿಯನ್ನು ಪೂರ್ತಿ ಬಂದ್ ಮಾಡಿ ನೋಡುತ್ತಾಳೆ. ವಸ್ತಿಯ ಅರ್ಧ ಮನೆಗಳ ಮಾತು ಕನ್ನಡ, ಅರ್ಧ ಮನೆಗಳದು ಮರಾಠಿ. ಮಾತಿಲ್ಲದೆಯೇ ಮನಸ್ಸಿಗೆ ಹತ್ತಿದ್ದು ಇಬ್ಬರಿಗೂ ಹತ್ತುತ್ತದೆ ಎಂಬುದು ಆಕೆಯ ನಂಬಿಕೆ. “ಮತ್ತ, ಕುರಿ ಎತ್ತ ಹೋದ್ವು ಅನ್ನೂದೂ ಕೇಳಬೇಕಲ್ಲೋ” ಎಂದೂ ಸೇರಿಸುತ್ತಾಳೆ.

ಎಳ್ಳಮಾವಾಸ್ಯೆಯಂದು ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಿ, ಹೊಟ್ಟೆ ತುಂಬ ಉಂಡು ಬಂದವರಿಗೆ ನಗಿಸುವ ಸಿನಿಮಾ. ಸ್ವಾತಂತ್ರ್ಯ ದಿನಕ್ಕೆ ಬಂದೂಕಿನದು ಬೇಡವೆಂದು, ಹೊಳೆಗೆ ತಾವೇ ಸೇತುವೆ ಕಟ್ಟಿಕೊಂಡ ಊರವರ ಕಥೆಯನ್ನು ಹುಡುಕಿದ್ದಳು. ದೀಪಾವಳಿಯ ಸಿನಿಮಾದಲ್ಲಿ ದನಕರುಗಳಿರಬೇಕು, ಅವು ಕೊನೆಯವರೆಗೂ ಬದುಕಿರಬೇಕು. ಪಂಚಮಿಗೆ ಮಾತ್ರ ಆರಿಸುವ ಕಷ್ಟವಿರಲಿಲ್ಲ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ; ಅಣ್ಣ-ತಂಗಿಯರದು ಯಾವುದಾದರೂ ನಡೆಯುತ್ತಿತ್ತು.

ಈ ವರ್ಷ ಪಂಚಮಿಗೆ ನಾಲ್ಕು ದಿನ ಇರುವಾಗ ಲಕ್ಕವ್ವ ಬದುವಿನವರೆಗೂ ನಡೆದು ಬಂದಳು. ಆಕೆಯ ಮಗ ಮಹಾದೇವ ಮಾಘ ಮಾಸದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಪ್ರತಿ ವರ್ಷ ಕೊಗನೊಳ್ಳಿಗೆ ಹೋಗಿ, ಗಂಡನ ಮನೆಯಿಂದ ತಂಗಿ ಶೈಲಾಳನ್ನು ಹಬ್ಬಕ್ಕೆ ಕರೆತರುತ್ತಿದ್ದವನು ಅವನೇ. ಈ ಸಲ ತಂದೆ ವಿರುಪಾಕ್ಷಪ್ಪ ಹೋಗಿ ಕರೆತಂದಿದ್ದ.

“ಶೈಲಾ ಬಂದಾಳ ತಾರವ್ವಾ. ಆರ ತಿಂಗಳಾತು, ಅಣ್ಣನ ಹೆಸರ ಒಮ್ಮಿನೂ ಎತ್ತಿಲ್ಲ, ಒಂದ ಹನಿ ಕಣ್ಣೀರ ಹಾಕಿಲ್ಲ. ಮುಂದಿನ ವರ್ಷ ಕರೀಲಾಕ ಯಾರೂ ಬರಬ್ಯಾಡ್ರಿ ಅಂದಾಳ. ಅಣ್ಣ-ತಂಗಿ ಸಿನಿಮಾ ಹಾಕಿದ್ರ ಆಕಿ ತವರಮನಿ ಹರದ ಹೋಗತೈತಿ.”

“ಅಣ್ಣನ ಸುದ್ದಿನ ಇಲ್ಲದ್ದು ಹುಡಕತೀನಿ, ಅಕ್ಕಾ. ನೀ ಹೋಗು.”

ಮೂರು ದಿನಗಳಲ್ಲಿ ಹನ್ನೊಂದು ಸಿನಿಮಾ ನೋಡಿದಳು. ಪ್ರತಿಯೊಂದರಲ್ಲೂ ಎಲ್ಲಿಂದಲೋ ಒಬ್ಬ ಅಣ್ಣ ಬಂದುಬಿಡುತ್ತಿದ್ದ. ಹನ್ನೆರಡನೆಯದು ಮರಾಠಿಯದು. ಒಬ್ಬಂಟಿ ಹುಡುಗಿ ತೋಟದ ಬಾವಿಯಲ್ಲಿ ತಾನೇ ಈಜು ಕಲಿತು, ಕೊನೆಗೆ ತುಂಬಿ ಹರಿಯುವ ಹೊಳೆಯನ್ನು ದಾಟುತ್ತಾಳೆ. ಅಣ್ಣನಿಲ್ಲ, ತಮ್ಮನಿಲ್ಲ. ಅವಳ ಬಾಯಿ ಮಾತ್ರ ಸದಾ ಆಡುತ್ತಿತ್ತು. ತನ್ನಷ್ಟಕ್ಕೆ ತಾನೇ ಮಾತಾಡುವ ಸ್ವಭಾವವಿರಬೇಕು ಎಂದುಕೊಂಡಳು ತಾರವ್ವ. ಕುರಿಗಳ ಹಿಂದೆ ತಾನೂ ಹಾಗೆಯೇ ಅಲ್ಲವೇ?

ಪಂಚಮಿಯ ಮಧ್ಯಾಹ್ನ ಭವನ ತುಂಬಿತ್ತು. ಶೈಲಾ ತಾಯಿಯ ಪಕ್ಕದಲ್ಲಿ, ಕೈಯಲ್ಲಿದ್ದ ಉಂಡಿಯನ್ನು ತಿನ್ನದೆ ಕುಳಿತಿದ್ದಳು. ಸಿನಿಮಾ ಶುರುವಾಗುತ್ತಲೇ ಪರದೆಯ ಹುಡುಗಿ ಬಾವಿಗೆ ಹಾರಿದಳು, ಮುಳುಗಿದಳು, ಮೇಲೆದ್ದು ಆಕಾಶದತ್ತ ಮುಖ ಮಾಡಿ ಕೂಗಿದಳು: “ದಾದಾ, ಬಘ್!”

ಅಣ್ಣಾ, ನೋಡು. ದನಿಯಿಲ್ಲದ ಮೊಬೈಲಿನಲ್ಲಿ ಆ ಹುಡುಗಿ ಮಾತಾಡುತ್ತಿದ್ದದ್ದು ಸತ್ತುಹೋದ ತನ್ನ ಅಣ್ಣನೊಡನೆ!

ತಾರವ್ವ ಪ್ರೊಜೆಕ್ಟರಿನತ್ತ ಕೈ ಬೀಸಿದಳು. “ಈಶ್ವರಾ, ಬಂದ್ ಮಾಡೋ! ಲಗೂನ ಬಂದ್ ಮಾಡು!”

“ಬ್ಯಾಡ,” ಎಂದಳು ಶೈಲಾ. ಅವಳ ಕಣ್ಣು ಪರದೆಯ ಮೇಲೆಯೇ ಇತ್ತು. “ಇರಲಿ ಬಿಡ್ರಿ.”

ಈಶ್ವರ ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡ. ಹುಡುಗಿ ಈಜು ಕಲಿಯುತ್ತ ಅಣ್ಣನನ್ನು ಬೈಯುತ್ತಿದ್ದಳು: ಕಲಿಸುತ್ತೇನೆಂದು ಮಾತು ಕೊಟ್ಟು ಹೋಗಿಬಿಟ್ಟೆಯಲ್ಲ, ನೀನು ಲಬಾಡ, ಸುಳ್ಳುಗಾರ, ನೀನು ಕಳ್ಳ.

“ನಮ್ಮ ಮಾದೇವಣ್ಣಾನೂ ಹಿಂಗ!” ಎಂದಳು ಶೈಲಾ ಒಮ್ಮೆಲೇ. “ಅಂವಗ ಈಜ ಎಲ್ಲಿ ಬರತಿತ್ತು? ನನಗ ಕಲಸ್ತೀನಂತ ನಡಕ್ಕ ಡಬ್ಬಿ ಕಟಗೊಂಡು ಬಾವಿಗಿ ಇಳದಿದ್ದ. ಡಬ್ಬಿ ತೇಲಿತು, ಇಂವ ಮುಳಗಿದ!”

ಹಿಂದಿನ ಸಾಲಿನಿಂದ ಮುದುಕ ಆಬಾಸಾಹೇಬನ ದನಿ ಬಂತು: “ಆ ಡಬ್ಬಿ ನಂದವಾ! ಮನ್ಯಾಗ ಕೇಳಲಾರದ ಒಯ್ದಿದ್ದ ಅಂವ!”

ಇಡೀ ಭವನ ನಕ್ಕಿತು. ಶೈಲಾ ನಕ್ಕಳು, ನಗುತ್ತಲೇ ತಾಯಿಯ ಹೆಗಲಿಗೆ ಮುಖವಿಟ್ಟು ಆರು ತಿಂಗಳ ಅಳುವನ್ನೆಲ್ಲ ಅತ್ತಳು. ಪರದೆಯ ಮೇಲೆ ಹುಡುಗಿ ಹೊಳೆಗೆ ಇಳಿದಳು. ಕನ್ನಡದವರು, ಮರಾಠಿಯವರು, ಮಕ್ಕಳು, ಮುದುಕರು ಉಸಿರು ಬಿಗಿಹಿಡಿದು ಅವಳೊಂದಿಗೆ ಆಚೆಯ ದಂಡೆ ಮುಟ್ಟಿದರು. ತಾರವ್ವ ಪರದೆಯನ್ನು ನೋಡಲೇ ಇಲ್ಲ. ಬೆಳಕು ಬಿದ್ದ ಆ ಮುಖಗಳನ್ನೇ ನೋಡುತ್ತ, ಕೈ ಮುಗಿಯಬೇಕೋ ಏನು ಮಾಡಬೇಕೋ ತಿಳಿಯದೆ, ಬೆರಗಾಗಿ ಗೋಡೆಗೆ ಒರಗಿ ನಿಂತಿದ್ದಳು. ತಾನು ಆರಿಸಿದ್ದೇ ಬೇರೆ, ಆದದ್ದೇ ಬೇರೆ. ಇಷ್ಟು ದೊಡ್ಡದನ್ನು ತಾನು ಎಂದೂ ಆರಿಸಿರಲಾರಳು.

ಸಿನಿಮಾ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ, ಬಾಗಿಲ ಬಳಿ ಶೈಲಾ ತಂದೆಗೆ ಹೇಳುತ್ತಿದ್ದುದು ತಾರವ್ವನ ಕಿವಿಗೆ ಬಿತ್ತು:

“ಅಪ್ಪಾ, ಮುಂದಿನ ವರ್ಷ ಕರೀಲಾಕ ಎರಡ ದಿನ ಮೊದಲ ಬಾ. ಅಣ್ಣ ಯಾವಾಗಲೂ ತಡಾ ಮಾಡತಿದ್ದ.”