ಡಂಬಳ ನೋಡದೆ ಹೇಳಿದ ಕಥೆ

ನನ್ನ ತಂಗಿಯನ್ನು ನಾನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಕೇಳಿದರೆ ಒಲ್ಲೆ ಅನ್ನುತ್ತಾಳೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಬೆಟಗೇರಿಯಲ್ಲಿ ನಮ್ಮದು ನೇಯುವ ಮನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು ನಾನು. ಓದಿದ್ದು ಕಡಿಮೆ, ಕಥೆ ಕಟ್ಟುವುದು ಮಾತ್ರ ಹೇಗೋ ಬಂದಿತ್ತು. ನಾನು ನೇಯುತ್ತಿದ್ದರೆ ತಂಗಿ ಪಕ್ಕದಲ್ಲಿ ರಾಟೆ ತಿರುವುತ್ತ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕಥೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವನ ಬಾಯಿ ಮುಂದೆ ಹೋಗದು. ಅವಳು ಒಂದು ಹೂಂ ಕೂಡ ತಪ್ಪಿಸುತ್ತಿರಲಿಲ್ಲ. ನಾನು ಹೇಳಿದ ಕೋಟೆ, ಕುದುರೆ ಎಲ್ಲ ಅವಳ ಕಣ್ಣಿಗೆ ಕಂಡಂತೆಯೇ.

ಒಂದು ಮಧ್ಯಾಹ್ನ ಮಂತ್ರದ ಬೂದಿಯ ಕಥೆ ಕಟ್ಟಿದೆ. ರಾಜಕುಮಾರನೊಬ್ಬ ಆ ಬೂದಿಯನ್ನು ಒಬ್ಬ ಹುಡುಗಿಯ ಮುಖಕ್ಕೆ ಊದುತ್ತಾನೆ. ಅವಳು ಅವನೇ ಬೇಕೆಂದು ಅವನ ಹಿಂದೆ ನಡೆಯುತ್ತಾಳೆ. ತಂಗಿ ಹೂಂ ಅನ್ನಲಿಲ್ಲ. ರಾಟೆಯೂ ನಿಂತಿತು.

"ಯಾಕ, ನಿದ್ದಿ ಬಂತೇನ?" ಅಂದೆ.

"ಅಂವಾ ಆಕಿನ್ನ ಕೇಳಿದ್ನೇನ, ಊದೂಕಿಂತ ಮೊದ್ಲ?"

"ಕೇಳಿದ್ರ ಒಲ್ಲೆ ಅಂತಿದ್ಳು. ಅದಕ್ಕ ಬೂದಿ."

"ಹಂಗಾರ ಆಕಿ ಒಪ್ಪಿದ್ದು ಎಲ್ಲಿ ಬಂತು?"

"ರಾಣಿ ಆದ್ಳಲೇ! ಇನ್ನೇನ ಬೇಕ ಆಕಿಗೆ?"

"ಅದನ್ನ ಬೂದಿ ಮಂತ್ರಾ ಇಳಿದ ಮ್ಯಾಲ ಆಕಿನ್ನ ಕೇಳು."

ಒಳಗಿನಿಂದ ಅವ್ವ ಕೂಗಿದಳು: "ಕಥ್ಯಾಗಿನ ಹುಡುಗೀಗೆ ನ್ಯಾಯಾ ಮಾಡಾಕ ಕುಂತಾಳ ನೋಡ. ರೊಟ್ಟಿ ಮಾಡಾಕ ಬಾ ಬೇ ಮೊದ್ಲ!"

ನನಗೆ ಸೋಲಲು ಮನಸ್ಸಿರಲಿಲ್ಲ. ಅದೇ ಬೂದಿಯನ್ನು ಕಥೆಯ ಒಬ್ಬ ಮುದುಕಿಯ ಕೈಗೆ ಕೊಟ್ಟೆ. ಬಾವಿಗೆ ಹಾರಲು ನಿಂತ ಮಗನ ಮುಖಕ್ಕೆ ಅವಳು ಊದಿದಳು, ಅವನು ಮನೆಗೆ ಮರಳಿದ. ಇದಕ್ಕೆ ತಂಗಿ ಥಟ್ಟನೆ ಹೂಂ ಅಂದಳು. ಆಮೇಲೆ ಏಳುತ್ತ, "ಉಳಿಸಿದ್ದು ಖರೆ. ಆದ್ರ ಎಚ್ಚರಾದ ಮ್ಯಾಲ ಅವಂಗ ಹೇಳಬೇಕು, ಊದಿದಾಕಿ ನಾನ ಅಂತ" ಅಂದಳು. ನಾನು ನಕ್ಕೆ.

ಗದಗ ಹೊಸ ಜಿಲ್ಲೆಯಾದ ಕಾಲದಲ್ಲಿ ನನಗೆ ಶಿಗ್ಲಿಯಲ್ಲಿ ಹೆಣ್ಣು ಗೊತ್ತಾಯಿತು. ತಂಗಿಯ ಮದುವೆ ಆಗದೆ ನನ್ನದು ಆಗುವಂತಿರಲಿಲ್ಲ. ಅವಳಿಗೆ ಡಂಬಳದ ಒಂದು ಮನೆಯಿಂದ ಕೇಳಿ ಬಂದಿದ್ದರು. ಹಿಂದೆ ನೇಯುತ್ತಿದ್ದವರು, ಈಗ ಒಕ್ಕಲುತನ. ಅವಳು ಆಗಷ್ಟೇ ಅಪ್ಪನ ಮಗ್ಗದ ಮೇಲೆ ಕೂಡಲು ಕಲಿತಿದ್ದಳು. ಒಂದು ಸೀರೆಯನ್ನಾದರೂ ಪೂರ್ತಿ ತಾನೇ ನೇಯಬೇಕು, ಸ್ವಲ್ಪ ದಿನ ತಡೆಯಿರಿ ಅನ್ನುತ್ತಿದ್ದಳು. ಅವ್ವ ನನ್ನನ್ನು ಕರೆದು, "ನಿನ್ನ ಮಾತು ಆಕಿ ತಗದಹಾಕಂಗಿಲ್ಲ. ನೀನ ಹೇಳು" ಅಂದಳು.

ನಾನು ರಾಟೆಯ ಪಕ್ಕದಲ್ಲಿ ಕೂತೆ. ಬೇಕೆಂದೇ ಕಥೆಯ ದನಿ ತೆಗೆದೆ. ಡಂಬಳದ ಕೆರೆ, ಅದರ ಮೇಲಿಂದ ಬರುವ ಗಾಳಿ, ಆ ಗಾಳಿಗೆ ತೆರೆದ ಕಿಟಕಿ. ಆ ಕಿಟಕಿಯ ಕೆಳಗೆ ಅವಳಿಗೆಂದೇ ತೆಗೆದಿರಿಸಿದ ಒಂದು ಹಳೆಯ ಮಗ್ಗ. ನಾನು ಡಂಬಳವನ್ನು ನೋಡಿರಲಿಲ್ಲ. ಮಗ್ಗದ ಮಾತನ್ನು ಯಾರೂ ಆಡಿರಲಿಲ್ಲ. ಅವಳ ಕಣ್ಣು ಆ ಕಿಟಕಿಯನ್ನು ನೋಡತೊಡಗಿದ್ದು ನನಗೆ ತಿಳಿಯಿತು. ಆಗಲಾದರೂ ನಿಲ್ಲಿಸಬಹುದಿತ್ತು.

"ಮಗ್ಗಾ ಐತಿ ಅಂದ್ರ ಆತು ಬಿಡಣ್ಣಾ, ಹೋಗ್ತೀನಿ" ಅಂದಳು.

ಅಲ್ಲಿ ಮಗ್ಗ ಇರಲಿಲ್ಲ. ಗಂಡ ಒಳ್ಳೆಯವನು, ಅತ್ತೆ ಚೆನ್ನಾಗಿ ನಡೆಸಿಕೊಂಡಳು, ಮಕ್ಕಳಾದವು. ಚೊಲೋ ಆತು ಎಂದು ಎಲ್ಲರೂ ಅಂದರು. ಆ ಮಾತಿನ ಹಿಂದೆ ನಾನು ಬಹಳ ವರ್ಷ ಅಡಗಿ ಕೂತೆ. ಪಂಚಮಿಗೆ ತವರಿಗೆ ಬಂದಾಗೆಲ್ಲ ಅವಳು ಹಳೆಯ ರಾಟೆಯ ಮುಂದೆ ಸ್ವಲ್ಪ ಹೊತ್ತು ಕೂತು ಏಳುತ್ತಿದ್ದಳು. ಒಂದು ಕಥೆ ಹೇಳೋ ಅಣ್ಣಾ ಎಂದು ಮಾತ್ರ ಮತ್ತೆ ಎಂದೂ ಕೇಳಲಿಲ್ಲ.

ಈ ಸಲ ಪಂಚಮಿಗೆ ಕರೆಯಲು ನಾನೇ ಡಂಬಳಕ್ಕೆ ಹೋದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಕೆರೆಯ ಏರಿಯ ಮೇಲೆ ಕೂತೆವು. ಗಾಳಿ ಬೀಸುತ್ತಿತ್ತು. ಅದೊಂದನ್ನು ನಾನು ಸರಿಯಾಗಿ ಊಹಿಸಿದ್ದೆ.

"ಆ ಮಗ್ಗಾ ನಾ ಕಟ್ಟಿ ಹೇಳಿದ್ದು. ನನ್ನ ಮದವಿ ನಿಂತಿತ್ತು, ಅದಕ್ಕ" ಅಂದೆ.

"ಗೊತ್ತೈತಿ. ಬಂದ ದಿನಾನ ಮನಿ ತುಂಬ ಹುಡುಕಿದೆ" ಅಂದಳು. ಆಮೇಲೆ, "ಮಂದಿ ಚೊಲೋ ಅದಾರಣ್ಣಾ, ಅದೇನ ಸುಳ್ಳಲ್ಲ. ಆದ್ರ ನೀನಾಗೆ ಹೇಳ್ತಿ ಅಂತ ಕಾಯ್ತಿದ್ದೆ" ಅಂದಳು.

ನಾನು ಅವಳ ಕಡೆ ತಿರುಗಿದೆ. ಗಾಳಿಯಲ್ಲೂ ಅವಳಿಗೆ ಕೇಳುವಂತೆ ಹೇಳಿದೆ: "ಊದಿದಂವಾ ನಾನ, ತಂಗಿ. ನಿನ್ನ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾತವ್ವಾ."