ಈ ಮನೆಯಲ್ಲಿ ಅಂಥವರು ಯಾರೂ ಇಲ್ಲ

ಕ್ರೆಡಿಟ್ ಕಾರ್ಡಿನ ಆಸೆ ನನಗೆ ಹುಟ್ಟಿದ್ದು ಒಂದು ಜೊತೆ ಶೂಗಳಿಂದ. ಬೆಳಿಗ್ಗೆ ಜಕ್ಕೂರು ಕೆರೆ ಏರಿಯ ಮೇಲೆ ನಡೆಯಲು ಹೋಗುತ್ತಿದ್ದೆ, ಹಿಮ್ಮಡಿ ನೋಯುತ್ತಿತ್ತು, ಡಾಕ್ಟರು ಶೂ ಹಾಕಿಕೊಳ್ಳಿ ಅಂದರು. ಫೋನಿನಲ್ಲೇ ಒಂದು ಜೊತೆ ಆರಿಸಿ, ಹಣ ಕಟ್ಟುವ ಗುಂಡಿ ಒತ್ತಿದೆ. ಓಟಿಪಿ ಹೋದದ್ದು ನನ್ನ ಯಜಮಾನರ ಫೋನಿಗೆ. ವರಾಂಡದಲ್ಲಿ ಪೇಪರ್ ಓದುತ್ತಿದ್ದವರು ಫೋನನ್ನು ದೂರ ಹಿಡಿದು ನೋಡಿ, "ಏನ್ ತಗೋತಿದೀಯ?" ಅಂದರು. ಶೂ ಅಂದೆ. "ಮನೇಲಿ ಅಷ್ಟೊಂದು ಚಪ್ಪಲಿ ಬಿದ್ದಿವೆ, ಶೂ ಯಾಕೆ?" ಅಂದರು. ಹಿಮ್ಮಡಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಓಟಿಪಿಯ ಆಯಸ್ಸು ಮುಗಿದಿತ್ತು.

ಹಣ ನನ್ನದೇ. ಅಮೃತಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟು ಗಂಟಲು ಹರಿದುಕೊಂಡು ಕೂಡಿಟ್ಟದ್ದು. ಆದರೆ ಸಂಬಳದ ಖಾತೆ ತೆರೆದಾಗ ಮನೆಯಲ್ಲಿ ಮೊಬೈಲ್ ಇದ್ದದ್ದು ಯಜಮಾನರ ಹತ್ತಿರ ಮಾತ್ರ, ಫಾರಂ ತುಂಬಿದವರೂ ಅವರೇ. ಆ ನಂಬರೇ ಗಟ್ಟಿಯಾಗಿ ಕೂತುಬಿಟ್ಟಿತು. ಬದಲಾಯಿಸಿಕೊಡಿ ಅಂತ ಬ್ಯಾಂಕಿಗೆ ಹೋದರೆ, "ಹಳೇ ನಂಬರಿಗೆ ಒಂದ್ ಓಟಿಪಿ ಬರುತ್ತೆ ಮೇಡಂ, ಅದನ್ನ ಹೇಳಿ" ಅಂದರು. ಇಂಥ ಬುದ್ಧಿವಂತಿಕೆಗೆ ಸಂಬಳ ಬೇರೆ ಕೊಡುತ್ತಾರೆ.

ನನ್ನ ಯಜಮಾನರು ಕೆಟ್ಟವರಲ್ಲ. ನಾನು ಕೇಳಿದ್ದನ್ನು ಯಾವತ್ತೂ ಇಲ್ಲ ಅಂದವರಲ್ಲ. ಆದರೆ ಕೇಳಬೇಕು, ಮತ್ತು ಯಾಕೆ ಅನ್ನುವುದಕ್ಕೆ ಉತ್ತರ ಹೇಳಬೇಕು. ಐವತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಬೇಕಾಗಿದ್ದು ಯಾಕೆ ಅಂತ ಕೇಳದ ಒಂದು ಕಾರ್ಡು, ಅಷ್ಟೇ. ಬೇರೆ ಬ್ಯಾಂಕು, ನನ್ನ ನಂಬರು, ನನ್ನ ಹೆಸರು.

ಹೆಬ್ಬಾಳದ ಮಾಲೊಂದರಲ್ಲಿ ಎಸ್ಕಲೇಟರ್ ಪಕ್ಕ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿ ಅರ್ಜಿ ಹಾಕಿಸಿದಳು. "ಐದೇ ನಿಮಿಷ ಆಂಟಿ" ಅಂದಳು. ಆಮೇಲೆ ದನಿ ತಗ್ಗಿಸಿ, ಏನೋ ದೊಡ್ಡ ಉಪಕಾರ ಮಾಡುವವಳ ಹಾಗೆ, "ಅಂಕಲ್ ಹತ್ರ ಕಾರ್ಡ್ ಇದ್ರೆ ಅದರ ಮೇಲೇ ನಿಮಗೊಂದು ಮಾಡ್ಸ್ಕೊಡ್ತೀನಿ. ನಿಮ್ಗೇನೂ ತಲೆನೋವಿರಲ್ಲ, ಮೆಸೇಜೆಲ್ಲ ಅಂಕಲ್‌ಗೇ ಹೋಗುತ್ತೆ" ಅಂದಳು. ತಲೆನೋವು ಯಾವುದು ಅಂತ ಆ ಮಗುವಿಗೆ ಹೇಗೆ ಗೊತ್ತಾಗಬೇಕು. ಬೇಡಮ್ಮ ಅಂದೆ.

ಎರಡು ದಿನ ಬಿಟ್ಟು ವಿಡಿಯೋ ಕರೆ ಬಂತು, ನಾನು ನಾನೇ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಲಿಕ್ಕೆ. ಟೈ ಕಟ್ಟಿಕೊಂಡ ಒಬ್ಬ ಪರದೆಯ ಮೇಲೆ ಮೂಡಿದ. ಕಣ್ಣು ಮಿಟುಕಿಸಿ ಅಂದ, ಮಿಟುಕಿಸಿದೆ. ಕನ್ನಡಕ ತೆಗೆಯಿರಿ, ತಲೆ ಎಡಕ್ಕೆ, ತಲೆ ಬಲಕ್ಕೆ, ಮತ್ತೆ ಎಡಕ್ಕೆ. ಕೋಲೆಬಸವ ಇಷ್ಟು ತಲೆ ಅಲ್ಲಾಡಿಸಿದ್ದರೆ ಇಷ್ಟು ಹೊತ್ತಿಗೆ ಒಂದು ಹಳೆ ಸೀರೆ ಗಿಟ್ಟಿಸಿರುತ್ತಿತ್ತು. "ರೂಮಲ್ಲಿ ಒಬ್ರೇ ಇದೀರಾ ಮೇಡಂ? ಯಾರೂ ಹೇಳ್ಕೊಡ್ತಿಲ್ಲ ಅಲ್ವಾ?" ಅಂದ. ಗಣಿತದ ಮೇಷ್ಟ್ರಿಗೆ ಕಾಪಿ ಹೊಡೀತಿದೀಯಾ ಅಂತ ಕೇಳಿದ ಹಾಗಾಯಿತು. ಒಬ್ಬಳೇ ಅಂದೆ. ಹುಟ್ಟಿದ ದಿನಾಂಕ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಬಾಗಿಲ ಆಚೆಯಿಂದ ಯಜಮಾನರ ದನಿ ಗಟ್ಟಿಯಾಗಿ ಬಂತು: "ಏಯ್, ಆಧಾರ್‌ನಲ್ಲಿ ಇರೋದನ್ನ ಹೇಳು! ನಿಜವಾದ್ದು ಹೇಳ್ಬಿಟ್ಟೀಯ!"

ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹುಟ್ಟಿದ ದಿನ, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ಟೈ ಕಟ್ಟಿದವನಿಗೆ ಗೊತ್ತಿರಲಿಲ್ಲ. ಅವನ ಮುಖ ಹುಳ್ಳಗಾಯಿತು, ಕರೆ ಕಡಿದುಹೋಯಿತು. ಯಜಮಾನರು ಒಳಗೆ ಬಂದು, "ಸರಿಯಾದ ಟೈಮಿಗೆ ಹೇಳ್ದೆ ನೋಡು" ಅಂದರು. ಬೈಯುವುದಕ್ಕೂ ಒಂದು ಯೋಗ್ಯತೆ ಬೇಕು ಅನ್ನಿಸಿ ಕನ್ನಡಕ ಹಾಕಿಕೊಂಡು ಎದ್ದೆ.

ಆಮೇಲೆ ಬ್ಯಾಂಕಿನಿಂದ ಸಂದೇಶ ಬಂತು: ನಮ್ಮ ಪ್ರತಿನಿಧಿ ನಿಮ್ಮ ವಿಳಾಸಕ್ಕೆ ಬಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಪ್ರತಿನಿಧಿ ಅಂದರೆ ಇಸ್ತ್ರಿ ಮಾಡಿದ ಶರಟು, ಕೊರಳಲ್ಲಿ ಗುರುತಿನ ಚೀಟಿ, ಬರುವ ಮೊದಲು ಒಂದು ಫೋನು ಅಂತ ನಾನು ಅಂದುಕೊಂಡೆ. ಸೋಫಾದ ಕವರು ಬದಲಾಯಿಸಿದೆ. ಬಿಸ್ಕತ್ತು ತಂದಿಟ್ಟೆ.

ಇಲ್ಲಿ ನಮ್ಮ ಬೀದಿಯ ವಿಷಯ ಹೇಳದಿದ್ದರೆ ಮುಂದಿನದು ಯಾರಿಗೂ ನಂಬಿಕೆ ಬರುವುದಿಲ್ಲ. ನಮ್ಮದು ಹಳೆ ಜಕ್ಕೂರಿನೊಳಗಿನ ಬೀದಿ, ಎಲ್ಲ ಜಮೀನಿದ್ದ ಮನೆಗಳು. ನಾನು ಸೊಸೆಯಾಗಿ ಬಂದಾಗ ಸರ್ಕಾರ ಬಡಾವಣೆಗೆ ಅಂತ ಜಮೀನು ಕಿತ್ತುಕೊಳ್ಳುತ್ತದೆ ಅನ್ನುವ ಭಯ ಮನೆಮನೆಯಲ್ಲೂ ಇತ್ತು. ನೋಟೀಸು ಯಜಮಾನನ ಕೈಗೆ ಮುಟ್ಟದಿದ್ದರೆ ಅಷ್ಟು ದಿನ ಜಮೀನು ಉಳಿಯಿತು ಅಂತ ಗಂಡಸರ ಲೆಕ್ಕ. ಹಾಗಾಗಿ ಅವರು ಹಿತ್ತಲಿನಿಂದ ಜಾರಿಕೊಳ್ಳುತ್ತಿದ್ದರು, ಬಾಗಿಲಿಗೆ ಹೆಂಗಸರು ಬರಬೇಕಿತ್ತು. ಮದುವೆಯಾದ ವಾರದೊಳಗೆ ನಮ್ಮತ್ತೆ ಕಲಿಸಿದ ಮೊದಲ ಪಾಠ ಅಡುಗೆಯದ್ದಲ್ಲ. "ಪೈಲ್ ಇಡ್ಕಂಡ್ ಯಾವನಾನಾ ಬಂದ್ರೆ, ಅಂತೋರ್ ಯಾರೂ ಇಲ್ಲ ಕಣಪ್ಪ, ನಂಗೇನೂ ಗೊತ್ತಿಲ್ಲ, ನಾನಿಲ್ಲಿ ಬಾಡ್ಗೆಗಿರೋಳು ಅನ್ನು. ಎಸ್ರು ಮಾತ್ರ ಏಳ್ಬ್ಯಾಡ." ಎಂಟು ಎಕರೆ ಮನೆಯ ಸೊಸೆ ಬಾಡಿಗೆಯವಳಾದದ್ದು ಹೀಗೆ. ಒಳ್ಳೆ ರೇಟು ಬಂದಾಗ ಜಮೀನನ್ನು ಆ ಗಂಡಸರೇ ಮಾರಿಕೊಂಡರು, ಅಲ್ಲೆಲ್ಲ ಈಗ ಅಪಾರ್ಟ್‌ಮೆಂಟುಗಳಿವೆ. ಅತ್ತೆಯೂ ಹೋದರು. ಆ ಪಾಠ ಮಾತ್ರ ನಮ್ಮ ಬೀದಿಯ ಹೆಂಗಸರ ಬಾಯಲ್ಲಿ ಹಾಗೇ ಉಳಿದಿದೆ.

ಒಂದು ಬುಧವಾರ ಬೆಳಿಗ್ಗೆ ನಾನು ನೈಟಿಯ ಮೇಲೆ ಟವೆಲ್ಲು ಹೊದ್ದು ಬಾಗಿಲು ತೊಳೆಯುತ್ತಿದ್ದೆ. ಸ್ಕೂಟರಿನಲ್ಲಿ ಒಬ್ಬ ಬಂದ. ಬೆವರಿ ಒದ್ದೆಯಾದ ಟೀ ಶರ್ಟು, ಹೆಲ್ಮೆಟ್ಟು ತೆಗೆದಿರಲಿಲ್ಲ, ಕಂಕುಳಲ್ಲಿ ಫೈಲು. "ಅಮ್ಮ, ಈ ಮನೆಯಿಂದ ಒಬ್ರು ಅರ್ಜಿ ಹಾಕಿದ್ರು…" ಅಂದ. ಮುಂದಿನದನ್ನು ನಾನು ಆಡಲು ಬಿಡಲಿಲ್ಲ. ಫೈಲು ಕಂಡದ್ದೇ ಸಾಕಾಯಿತು. ಪೊರಕೆ ನಿಲ್ಲಿಸಿ, "ಅಂಥೋರು ಯಾರೂ ಇಲ್ಲಪ್ಪ ಇಲ್ಲಿ. ನಂಗೇನೂ ಗೊತ್ತಿಲ್ಲ, ನಾನು ಬಾಡ್ಗೆಗಿರೋಳು" ಅಂದೆ. ಅವನು ಫೋನೆತ್ತಿ ಮನೆಯ ಫೋಟೋ ಹೊಡೆದುಕೊಂಡ. ನನಗೆ ಇನ್ನೂ ರೇಗಿತು. ಎದುರು ಮನೆಯವಳಿಗೂ ಮೂಲೆ ಅಂಗಡಿಯವಳಿಗೂ ಆಗಲೇ ಫೋನ್ ಮಾಡಿ, ಬೀದಿಗೆ ಫೈಲಿನವನು ಬಂದಿದಾನೆ, ಹುಷಾರು ಅಂದೆ. ಇಬ್ಬರೂ ನಂಬಿಕಸ್ಥರು. ಒಬ್ಬಳು, ಆ ಮನೆಗೆ ಬೀಗ ಹಾಕಿ ವರ್ಷವಾಯಿತು ಅಂದಳಂತೆ. ಇನ್ನೊಬ್ಬಳು, ಆ ಮನೆಯವರನ್ನು ನೋಡೇ ಇಲ್ಲ ಅಂದಳಂತೆ. ಮಧ್ಯಾಹ್ನ ಮೂವರೂ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಸಂಜೆ ಸಂದೇಶ ಬಂತು. ವಿಳಾಸದಲ್ಲಿ ಅರ್ಜಿದಾರರು ಪತ್ತೆಯಾಗಿಲ್ಲ, ಅರ್ಜಿ ತಿರಸ್ಕೃತ.

ಮಾರನೇ ದಿನ ಇಳಕಲ್ ಸೀರೆ ಉಟ್ಟು ಯಲಹಂಕದಲ್ಲಿರುವ ಅವರ ಶಾಖೆಗೆ ಹೋದೆ. ಅಲ್ಲಿದ್ದ ಆಫೀಸರು ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗಿಂತ ಸ್ವಲ್ಪ ದೊಡ್ಡವನು. ಮೂವತ್ತೈದು ವರ್ಷದಿಂದ ಅದೇ ಮನೆಯಲ್ಲಿದ್ದೇನೆ, ನಿಮ್ಮ ಮನುಷ್ಯ ಬರದೆಯೇ ಸುಳ್ಳು ಬರೆದಿದ್ದಾನೆ, ಇದೇನು ಬ್ಯಾಂಕೋ ದನದ ದೊಡ್ಡಿಯೋ ಅಂತ ದನಿ ಎತ್ತಿದೆ. ಕ್ಯೂನಲ್ಲಿದ್ದವರು ತಿರುಗಿ ನೋಡಿದರು, ನನಗೆ ಇನ್ನಷ್ಟು ಹುಮ್ಮಸ್ಸು ಬಂತು. ಹುಡುಗ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, "ಬಂದಿದಾರೆ ಮೇಡಂ, ಫೋಟೋನೂ ಇದೆ" ಅಂತ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದ.

ನಮ್ಮ ಮನೆಯ ಹಸಿರು ಗೇಟು. ಒದ್ದೆ ಮೆಟ್ಟಿಲು. ಮೆಟ್ಟಿಲ ಮೇಲೆ ನೈಟಿ, ಟವೆಲ್ಲು, ಕೈಯಲ್ಲಿ ಪೊರಕೆ, ಕೆದರಿದ ಕೂದಲು, ಊರನ್ನೇ ತುಚ್ಛವಾಗಿ ಕಾಣುವ ಮುಖ.

"ಇವ್ರು ಯಾರು ಮೇಡಂ, ನಿಮ್ಮನೆ ಕೆಲಸದವ್ರಾ?" ಅಂದ. "ಇವ್ರೇ ಅಂಥೋರು ಯಾರೂ ಇಲ್ಲ ಅಂದಿರೋದು."

ಹೌದು ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನನ್ನ ಮರ್ಯಾದೆ ಉಳಿಯುತ್ತಿತ್ತು, ಆ ಹುಡುಗ ಮರುಪರಿಶೀಲನೆಗೆ ಬರೆದುಕೊಳ್ಳುತ್ತಿದ್ದ, ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಆದರೆ ಆ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಫೈಲಿನವನು ಮಾತು ಶುರು ಮಾಡಿದಾಗ ಅವನು ನನ್ನನ್ನು ಕೇಳುತ್ತಿರಬಹುದು ಅಂತ ನನಗೆ ಹೊಳೆಯಲೇ ಇಲ್ಲವಲ್ಲ. ಹೇಗೆ ಹೊಳೆಯಬೇಕು? ಆ ಬಾಗಿಲಿಗೆ ಬಂದವರೆಲ್ಲ ಮೊದಲು ಮಾವನನ್ನು ಕೇಳಿದರು, ಆಮೇಲೆ ಯಜಮಾನರನ್ನು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಒಬ್ಬ ನನ್ನನ್ನು ಹುಡುಕಿಕೊಂಡು ಬಂದಿದ್ದ, ನಾನೇ ಅವನನ್ನು ಅಟ್ಟಿದ್ದೆ. ಬ್ಯಾಂಕಿನವರ ಮೇಲೆ, ಟೈ ಕಟ್ಟಿದವನ ಮೇಲೆ, ಯಜಮಾನರ ಮೇಲೆ ಇಷ್ಟು ದಿನ ಇಟ್ಟುಕೊಂಡಿದ್ದ ತಾತ್ಸಾರವೆಲ್ಲ ತಿರುಗಿ ನನ್ನ ತಲೆಯ ಮೇಲೇ ಬಿತ್ತು.

"ಅದು ನಾನೇ" ಅಂದೆ.

ಆ ಹುಡುಗ ಒಮ್ಮೆ ಪರದೆ ನೋಡಿದ, ಒಮ್ಮೆ ನನ್ನನ್ನು ನೋಡಿದ. "ಅಂದ್ರೆ ಮೇಡಂ… ನೀವಿಲ್ಲ ಅಂತ ನೀವೇ ಹೇಳಿದೀರಾ?"

"ಹೌದು. ಅದೇ ಮುಖ ಅಲ್ವೇನಪ್ಪ? ಅದೇ ಮನೆ ಅಲ್ವಾ? ನಾನು ಅಲ್ಲಿದ್ದೀನಿ ಅಂತ ನಿಮ್ಮ ಹತ್ರಾನೇ ಸಾಕ್ಷಿ ಇದೆ. ಕೊಡಿ ಕಾರ್ಡು."

ಕೊಡಲಿಲ್ಲ. ಫೋಟೋ ಇರುವುದು ನಿಜ, ಆದರೆ ವರದಿಯಲ್ಲಿ ಇಲ್ಲ ಅಂತ ಇದೆಯಲ್ಲ ಮೇಡಂ ಅಂದ. ಕಣ್ಣಿಗೆ ಕಂಡದ್ದಕ್ಕಿಂತ ಬರೆದದ್ದು ದೊಡ್ಡದು ಅನ್ನುವ ಜನರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಹೊಸ ಅರ್ಜಿಗೆ ಸಹಿ ಹಾಕಿ ಬಂದೆ.

ಎರಡನೇ ಸಲ ಬಂದವನೂ ಅದೇ ಮನುಷ್ಯ. ನಾನು ನಾಲ್ಕು ದಿನದಿಂದ ಬೆಳಿಗ್ಗೆ ಎಂಟಕ್ಕೇ ಸೀರೆ ಉಟ್ಟು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅವನು ಬಾಯಿ ತೆರೆಯುವ ಮೊದಲೇ ಎದ್ದು ನಿಂತು ನನ್ನ ಪೂರ್ತಿ ಹೆಸರು ಹೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಎದುರು ಮನೆಯವಳಿಗೂ ಅಂಗಡಿಯವಳಿಗೂ ಹೇಳಿಟ್ಟಿದ್ದೆ. ಇಬ್ಬರೂ ಬೀದಿಗೆ ಇಳಿದು ಬಂದು, ಇವರು ಇಲ್ಲೇ ಇರೋದು ಅಂತ ಕೇಳದಿದ್ದರೂ ಹೇಳಿದರು. ಆ ಮಾತು ಬಾಯಿಗೆ ಅಭ್ಯಾಸವಿಲ್ಲದೆ, ಸುಳ್ಳು ಹೇಳುವವರ ಹಾಗೆ ತಡವರಿಸಿದರು.

ಕಾರ್ಡು ಬಂತು. ನೀಲಿ ಬಣ್ಣ, ನನ್ನ ಹೆಸರು. ಅವತ್ತೇ ಶೂ ಆರಿಸಿದೆ. ಈ ಸಲ ಟಿಂಗ್ ಅಂದದ್ದು ನನ್ನ ಮಡಿಲಲ್ಲಿದ್ದ ಫೋನು. ಆರು ಅಂಕಿಗಳನ್ನು ನಾನೇ ಓದಿ ನಾನೇ ಒತ್ತಿದೆ.

ವರಾಂಡದಲ್ಲಿ ಪೇಪರು ಕೆಳಗಿಳಿಯಿತು. "ಏನ್ ತಗೊಂಡೆ? ಯಾಕೆ?" ಅಂದರು ಯಜಮಾನರು.

ಅವರ ಕಂಕುಳಲ್ಲಿ ಫೈಲೊಂದಿರಲಿಲ್ಲ, ಅಷ್ಟೇ.

"ನಂಗೇನೂ ಗೊತ್ತಿಲ್ಲ ಕಣ್ರೀ" ಅಂದೆ. "ನಾನಿಲ್ಲಿ ಬಾಡ್ಗೆಗಿರೋಳು."